ಸೀಟಿನಡಿ

ನನ್ನ ಗಾಡಿಗೆ ಎರಡು ಬ್ರೇಕು:
ಕಲಿಯುವವಳ ಕಾಲಿಗೊಂದು, ನನ್ನ ಕಾಲಿಗೊಂದು.
ವಾಸನೆಗೆ ಮಾತ್ರ ಎರಡೂ ಹಿಡಿಯಲಿಲ್ಲ.

ಯುಗಾದಿ ಕಳೆದು ವಾರಕ್ಕೆ
ನಿಟುವಳ್ಳಿಯ ಶಶಿರೇಖ ಟೀಚರು ಮೊದಲು ಹೇಳಿದ್ದು:
"ಮೇಡಂ, ಏನೋ ಹುಳಿ ಹುಳಿ..."
ಬೆವರಿರಬೇಕು, ಅಂದೆ.
ಬೆವರು ನನಗೆ ಹೊಸದಲ್ಲ.
ಹದಿನಾಲ್ಕು ವರ್ಷ ಹೆಂಗಸರ ಹೆದರಿಕೆ
ಇದೇ ಸೀಟಿಗೆ ಇಳಿದಿದೆ,
ಅರುಣಾ ಸರ್ಕಲ್ಲಿನಲ್ಲಿ ಲಾರಿ ಹಾರ್ನ್ ಹೊಡೆದಾಗ
ಅಂಗೈಯಿಂದ ಸ್ಟೇರಿಂಗಿಗೆ, ಅಲ್ಲಿಂದ ನನಗೆ.
ಆದರೆ ಅದು ಉಪ್ಪು.
ಇದು ಹುಳಿ, ಹುಳಿಯ ಹಿಂದೊಂದು ಕಹಿ.

ಗಂಡ ನೀಲಿ ಬಾಟಲಿ ತಂದ, ಮಲ್ಲಿಗೆಯದಂತೆ.
ನಾತಕ್ಕೆ ಅತ್ತರು ಹೊಡೆದರೆ
ಎರಡು ನಾತ.
ಸೋಡಾಪುಡಿ ಎರಚಿ ರಾತ್ರಿಯೆಲ್ಲ ಬಿಟ್ಟೆ;
ಬೆಳಿಗ್ಗೆ ಮೊದಲ ಬ್ಯಾಚಿನವಳ ಕಪ್ಪು ಚೂಡಿದಾರ
ರಂಗೋಲಿ ಡಬ್ಬದ ಮೇಲೆ ಕೂತೆದ್ದ ಹಾಗೆ.
ಬಟ್ಟಲಲ್ಲಿ ಕಾಫಿಪುಡಿ ಇಟ್ಟೆ,
ಕೆ.ಟಿ.ಜೆ. ನಗರದ ಹಂಪಿನಲ್ಲಿ ಅದು ನನ್ನ ಮಡಿಲಿಗೆ.
ಇಸ್ತ್ರಿ ಅಂಗಡಿಯ ಕೆಂಚಮ್ಮ ಇದ್ದಿಲ ಗಂಟು ಕೊಟ್ಟು
"ಎಲ್ಲಾನೂ ಕುಡಿತೈತ್ರೀ ಇದು" ಅಂದಳು.
ಅದಕ್ಕೆ ಬಾಯಾರಿರಲಿಲ್ಲ.
ಕೊನೆಗೆ ನಿಂಬೆಹಣ್ಣು ಹೋಳು ಮಾಡಿ
ನಾಲ್ಕು ಬಾಗಿಲಿಗೂ ತಿಕ್ಕಿದೆ.
ಅವತ್ತು, ನಿಜ ಹೇಳುತ್ತೇನೆ, ವಾಸನೆ ಹೆಚ್ಚಾಯಿತು,
ನೆಂಟರ ದನಿ ಕೇಳಿ ಒಳಮನೆಯಿಂದ
ಯಾರೋ ಎದ್ದು ಬಂದಂತೆ.

"ಎಸಿ ಅಲ್ಲ ಮೇಡಮ್ಮೋರೆ," ಅಂದ ಚಮನ್‌ಸಾಬ್,
"ಕೊಳೆತದ್ದು ಏನೋ ಐತಿ. ಸೀಟು ಬಿಚ್ಚಬೇಕು."
ನಾಲ್ಕು ಬೋಲ್ಟು.
ಸೀಟು ರಸ್ತೆ ಬದಿಗೆ ಬಂದು ಕೂತಿತು,
ಗಾಡಿ ಹಲ್ಲು ಕಿತ್ತ ಬಾಯಾಯಿತು.
ಓಲೆಯ ತಿರುಪು. ಒಂಬತ್ತು ಸೇಫ್ಟಿ ಪಿನ್ನು.
ಮಿರ್ಚಿ ಕಟ್ಟಿದ ಪೇಪರು, ಎಣ್ಣೆ ಕುಡಿದು ಗಾಜಾಗಿತ್ತು.
ಮತ್ತೆ, ಹಳಿಯ ಪಕ್ಕ, ಮೂಲೆಗೆ ಒತ್ತಿ,
ಅರಿಶಿನದ ದಾರ ಸುತ್ತಿದ ನಿಂಬೆಹಣ್ಣು.
ಒಂದಲ್ಲ. ಆರು.
ಕೊನೆಯದು ಇನ್ನೂ ಹಳದಿ.
ಮೊದಲನೆಯದು ಕಪ್ಪು ನೀರಾಗಿ
ಕುಂಕುಮ ಸಮೇತ ಮ್ಯಾಟಿಗೆ ಇಳಿದಿತ್ತು.

ಹುಡುಗ ಸ್ಪ್ಯಾನರ್ ಬಿಟ್ಟು "ಮಾಟ!" ಅಂದ.
"ಮಾಟ ಮಾಡೋರು ಒಂದ್ ಸಲ ಇಟ್ಟು ಹೋಗ್ತಾರಲೇ,"
ಚಮನ್‌ಸಾಬ್ ಬೈದ,
"ತಿಂಗಳಾ ತಿಂಗಳಾ ತಪ್ಪದಂಗೆ ಇಡೋರು ಮನಿಯೋರು."

ಮನೆಯವರು.
ಗಂಡನಿಗೆ ಗ್ಯಾಸ್ ಬುಕ್ ಮಾಡುವುದೇ ನೆನಪಿರುವುದಿಲ್ಲ.
ಅತ್ತೆ ಹಾಲವ್ವ,
ಹೆಣ್ಣು ಗಾಡಿ ಹೊಡೆದರೆ ಓಣಿ ಏನಂದೀತು ಎಂದು
ಒಂದು ದಿನ ಇದರಲ್ಲಿ ಕೂತವಳಲ್ಲ. ಆಸ್ಪತ್ರೆಗೂ ಆಟೋ.
ಕಾರ್ತಿಕದಲ್ಲಿ ಬಾಡಾ ಕ್ರಾಸಿನ ಹತ್ತಿರ ಟ್ರ್ಯಾಕ್ಟರೊಂದು
ನನ್ನ ಕಡೆಯ ಬಾಗಿಲು ಸವರಿ ಹೋದಾಗ
"ಆತಲ್ಲ, ಇನ್ನು ಮನಿಯಾಗಿರು" ಅಂದಿದ್ದಳು.
ಅಲ್ಲಿಂದ ಎಣಿಸಿದೆ:
ಆರು ಅಮಾವಾಸ್ಯೆ.

ಸೀಟಿನಡಿ ಕೈ ಹಾಕಲು ನೆಲಕ್ಕೆ ಕೂರಬೇಕು.
ಅವಳ ಮಂಡಿ ಮಡಚುವುದಿಲ್ಲ.
ಕತ್ತಲಲ್ಲಿ, ಮೊಳೆಯಿಂದ ಬೀಗದ ಕೈ ತೆಗೆದು,
ಸದ್ದಾಗದಂತೆ ಮತ್ತೆ ಮೊಳೆಗೆ ಹಾಕಿ,
ಹೇಗೆ ಕೂತಳೋ, ಹೇಗೆ ಎದ್ದಳೋ.

ಮ್ಯಾಟು ತೊಳೆದು ಗ್ಯಾರೇಜಿನ ಗೋಡೆಗೆ ಹಾಕಿದೆವು,
ದಾವಣಗೆರೆಯ ಏಪ್ರಿಲ್ ಬಿಸಿಲಿಗೆ, ಎರಡು ದಿನ.
ಅದರ ಮುಂದೆ ಯಾವ ಸೋಡಾ?
ವಾಸನೆ ಹೋಯಿತು.
ಶಶಿರೇಖ ಟೀಚರು ಖುಷಿಯಲ್ಲಿ ಉಸಿರೆಳೆದು
ರಿವರ್ಸ್ ತೆಗೆದು
ಲೈಟಿನ ಕಂಬಕ್ಕೆ ಗುದ್ದಿದರು.

ರಾತ್ರಿ ಊಟಕ್ಕೆ ಕೂತಾಗ ಅತ್ತೆ, ರೊಟ್ಟಿ ಮುರಿಯುತ್ತ:
"ಗಾಡಿ ನಾತ ಹೋತೇನು?"
ಹೋತು.
"ಸೀಟು ಬಿಚ್ಚಿಸಿದ್ಯಂತೆ."
ಬಿಚ್ಚಿಸಿದೆ.
ಉಪ್ಪಿನಕಾಯಿ ಭರಣಿ ನನ್ನ ಕಡೆ ಸರಿಸಿದಳು.

ಈಗ ಕ್ಯಾಲೆಂಡರಿನ ಕಪ್ಪು ಚುಕ್ಕೆಯ ಮರುದಿನ
ಮೊದಲ ಬ್ಯಾಚಿಗೆ ಮುಂಚೆ
ಹಳೆಯದನ್ನು ತೆಗೆದು ಚರಂಡಿಗೆ ಹಾಕುತ್ತೇನೆ.
ಹೊಸದು ಅಲ್ಲೇ ಇರುತ್ತದೆ,
ತಣ್ಣಗೆ, ಗಟ್ಟಿಯಾಗಿ.
ಹಿಂದಿನ ರಾತ್ರಿಯೇ ನಾನು
ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ,
ಬಾಗಿಲ ಹತ್ತಿರ ಒಂದು ಮಣೆ
ಮರೆತವಳಂತೆ ಬಿಟ್ಟು ಮಲಗಿರುತ್ತೇನೆ.